ಮೊದಲ ಸಾಲಿನ ಖಾಲಿ ಕುರ್ಚಿ

ಬಾಗಿಲಲ್ಲಿ ನಿಂತವನನ್ನು ಕಂಡು ಅವಳ ಮುಖ ಬಿಗಿಯಿತು.

ಅವಳ ಅಪ್ಪನ ವಿಡಂಬನಾ ನಾಟಕ ತಂಡದಲ್ಲಿ ಮಂತ್ರಿಯ ಧ್ವನಿ ಅನುಕರಿಸುತ್ತಿದ್ದವನು ಅವನು. ಅವಳಿಗೂ ಅವನಿಗೂ ಮದುವೆಯ ಮಾತೂ ನಡೆದಿತ್ತು. ಆದರೆ ಊರಿನ ಆಸ್ಪತ್ರೆಯ ಮೇಲಿನ ಪ್ರಹಸನದ ದಿನ, ಸಭಾಂಗಣ ತುಂಬಿದ್ದಾಗ, ಒಲ್ಲೆನೆಂದು ರಂಗದಿಂದ ಇಳಿದುಹೋಗಿದ್ದ. ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಿದ್ದಳು; ಅಪ್ಪ ಮಾತ್ರ ಅವನನ್ನು ತಂಡದಲ್ಲೇ ಉಳಿಸಿಕೊಂಡಿದ್ದರು.

“ಮಂತ್ರಿಗೆ ಹೆದರಿದ ಹೇಡಿ ಇಲ್ಲಿಗ್ಯಾಕೆ ಬಂದೆ?”

“ಮೇಷ್ಟ್ರು… ತಾಲೀಮಿನಲ್ಲಿ ಎದೆ ಹಿಡ್ಕೊಂಡು ಕುಸಿದ್ರು. ಎತ್ಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರೇ ಇರ್ಲಿಲ್ಲ…”

ಅವನ ತೋಳಿನ ಮೇಲೆ ಅಪ್ಪನ ಮುಖದ ಬಣ್ಣ ಮೆತ್ತಿಕೊಂಡಿತ್ತು. ಉಳಿದದ್ದನ್ನು ಅವನು ಹೇಳಬೇಕಾಗಲಿಲ್ಲ.

ಮಂತ್ರಿಗಳು ಎರಡು ಸಲ ಉದ್ಘಾಟಿಸಿ, ಒಬ್ಬ ವೈದ್ಯನನ್ನೂ ನೇಮಿಸದ ಆಸ್ಪತ್ರೆ ಅದು. ಅಪ್ಪ ಊರನ್ನೆಲ್ಲ ನಗಿಸಿದ್ದು ಅದರ ಮೇಲೆಯೇ!

ಸಂತಾಪ ಸಭೆ ಅದೇ ಸಭಾಂಗಣದಲ್ಲಿ ನಡೆಯಿತು. ಮೊದಲ ಸಾಲಿನಲ್ಲಿ ಅವಳು ಒಂದು ಕುರ್ಚಿಯನ್ನು ಖಾಲಿ ಬಿಟ್ಟಳು. ಯಾರನ್ನು ಗೇಲಿ ಮಾಡುತ್ತಿದ್ದರೋ ಅವರಿಗೆ ಅಪ್ಪ ಆಹ್ವಾನ ಕಳುಹಿಸಿ ಕುರ್ಚಿ ಕಾದಿರಿಸುತ್ತಿದ್ದರು. ಬೆನ್ನ ಹಿಂದೆ ಆಡಿದರೆ ಅದು ಬರೀ ಚಾಡಿ ಎನ್ನುತ್ತಿದ್ದರು. ಯಾರೂ ಬಂದು ಕೂತದ್ದಿಲ್ಲ.

ಇಂದು ಮಂತ್ರಿಗಳು ಕ್ಯಾಮೆರಾಗಳೊಂದಿಗೆ ಬಂದು ಅದರಲ್ಲೇ ಕೂತರು.

“ಬದುಕಿದ್ದಾಗ ಕರೆದ್ರೆ ಪುರುಸೊತ್ತಿರ್ಲಿಲ್ಲ ಪುಣ್ಯಾತ್ಮನಿಗೆ,” ಎಂದಳು ಸೋದರತ್ತೆ.

ಮಂತ್ರಿಗಳು ಕೂತಲ್ಲಿಂದಲೇ ಮೈಕು ಹಿಡಿದರು. “ಅವರು ನನ್ನ ಆತ್ಮೀಯ ಗೆಳೆಯರು. ನಮ್ಮ ಆಸ್ಪತ್ರೆಗೆ ಅವರ ಹೆಸರನ್ನೇ ಇಡ್ತೀನಿ. ಮುಂದಿನ ವಾರ ಉದ್ಘಾಟನೆ.”

“ಮೂರನೇದು,” ಎಂದಳು ಅತ್ತೆ.

ಚಪ್ಪಾಳೆ ಬಿತ್ತು. ಅವಳ ಮೈ ಉರಿಯಿತು. ಅಪ್ಪನನ್ನು ಸಾಯಲು ಬಿಟ್ಟ ಗೋಡೆಗೆ ಅಪ್ಪನದೇ ಹೆಸರೇ? ಎದ್ದು ನಿಂತಳು.

ಆಗ ಮಂತ್ರಿಗಳ ಧ್ವನಿ ಮತ್ತೆ ಕೇಳಿತು. ಆದರೆ ಮಂತ್ರಿಗಳ ಬಾಯಿ ಮುಚ್ಚಿತ್ತು. ರಂಗದ ಮೇಲೆ ಅವನು ನಿಂತಿದ್ದ.

“ಮಹಾಜನರೇ, ನಮ್ಮಲ್ಲಿ ರಿಬ್ಬನ್ ಇದೆ, ಕತ್ತರಿ ಇದೆ. ಕಾಯಿಲೆ ಮಾತ್ರ ನಿಮ್ಮ ಮನೆಯಿಂದ ತನ್ನಿ. ಡಾಕ್ಟರೇ? ಹತ್ತನೇ ಉದ್ಘಾಟನೆಗೆ ಖಂಡಿತ ಬರ್ತಾರೆ!”

ಸಭೆ ನಕ್ಕಿತು. ಅಪ್ಪನ ಪಟದ ಮೇಲೆ ಕಣ್ಣು ಬಿದ್ದಂತೆ ಒಬ್ಬೊಬ್ಬರ ನಗುವೂ ಆರಿತು.

ಅವನು ತನ್ನದೇ ಧ್ವನಿಗೆ ಮರಳಿದ. “ಪ್ರಹಸನದ ದಿನ ನಮ್ಮಮ್ಮ ಅದೇ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಕಾಯ್ತಾ ಮಲಗಿದ್ಲು. ಆ ವಿಷಯಕ್ಕೆ ನಗಿಸೋಕೆ ನನ್ನಿಂದ ಆಗ್ಲಿಲ್ಲ. ಇವತ್ತು ಮೇಷ್ಟ್ರ ಸಲುವಾಗಿ ಆಡಿದೆ.”

ಅವಳು ಮಂತ್ರಿಗಳತ್ತ ತಿರುಗಿದಳು. “ಸ್ವಾಮಿ, ನಮ್ಮಪ್ಪನ ಹೆಸರು ಮುಟ್ಟಬೇಡಿ. ಮೊದಲು ಡಾಕ್ಟರನ್ನ ಕಳಿಸಿ.”

ಮಂತ್ರಿಗಳು ಎದ್ದು ನಡೆದರು. ಕ್ಯಾಮೆರಾಗಳು ಅವಳತ್ತಲೇ ಉಳಿದವು.

ಸಭಾಂಗಣ ಬರಿದಾದ ಮೇಲೆ ಅವಳು ಕೇಳಿದಳು, “ನನಗ್ಯಾಕೆ ಹೇಳ್ಲಿಲ್ಲ?”

“ಹೇಳೋಕೆ ಬಂದೆ. ಹೇಡಿ ಅಂತ ಬಾಗಿಲು ಹಾಕಿದೆ ನೀನು.”

“ತಪ್ಪಾಯ್ತು… ಅಮ್ಮ ಹೇಗಿದ್ದಾರೆ?”

“ಬೇರೆ ಊರಿಗೆ ಕರ್ಕೊಂಡು ಹೋಗಿ ಉಳಿಸ್ಕೊಂಡೆ. ನಿನ್ನನ್ನೇ ಕೇಳ್ತಿರ್ತಾಳೆ.”

“ನಾಳೆ ಬರ್ತೀನಿ ಅನ್ನು. ಸೊಸೆಯಾಗಿ ಅಲ್ಲೇ ಇರೋಳು ಅಂತಾನೂ ಹೇಳು. ಆದ್ರೆ ಮನೇಲಿ ಆ ಮಂತ್ರಿ ಧ್ವನಿ ತೆಗೆದ್ಯೋ, ನೋಡು ಮತ್ತೆ!”

ಅಳುತ್ತಲೇ ಇಬ್ಬರೂ ನಕ್ಕರು. ಪಟದ ಮುಂದೆ ಕೈಮುಗಿದು ನಿಂತರು.

ದೇವರೇ, ಊರನ್ನು ನಗಿಸಿದ ಈ ಜೀವಕ್ಕೆ ಶಾಂತಿ ಕೊಡು. ಅಲ್ಲಿ ಅವರು ನಿನ್ನನ್ನೇ ಗೇಲಿ ಮಾಡಿದರೆ, ನೀನಾದರೂ ಎದುರಿನ ಕುರ್ಚಿಯಲ್ಲಿ ಕೂತು ಕೇಳು.