ಹೊನ್ನಯ್ಯನ ತುಳಿಹಲಗೆ

ನಾನು ಮುಟ್ಟಿ ನೋಡಿದ್ದನ್ನಷ್ಟೇ ಹೇಳುತ್ತೇನೆ. ರಾಮನಾಥಪುರದಲ್ಲಿ ನಮ್ಮ ಪಕ್ಕದ ಮನೆಯ ಹೊನ್ನಯ್ಯ ತಂಬಾಕು ಬೆಳೆಯುವುದರ ನಡುವೆ ಖುಷಿಗೆಂದು ಮರ ಕಡೆಯುತ್ತಿದ್ದ. ಅವನು ತೀರಿಕೊಂಡ ಮೇಲೆ ಹೆಂಡತಿ ಬೀರಮ್ಮ ಮರ ಕಡೆಯುವ ಅವನ ಪುಟ್ಟ ಲೇತನ್ನು ನನಗೆ ಕೊಟ್ಟಳು. ಅದನ್ನು ಕಾಲಲ್ಲಿ ತುಳಿದು ತಿರುಗಿಸಬೇಕು. ನನ್ನ ಮಂಡಿನೋವು ಬಿಡದು. ತುಳಿಹಲಗೆಯನ್ನು ಬಿಚ್ಚಿ ಗೋಡೆಗೆ ಒರಗಿಸಿ, ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿಯಿರುವ ಮೋಟಾರು ಕೂಡಿಸಿದೆ.

ಮೊಮ್ಮಗಳ ನಾಮಕರಣಕ್ಕೆ ತೊಟ್ಟಿಲು ಮಾಡುತ್ತಿದ್ದೆ. ಕೊನೆಯ ಕಂಬಕ್ಕೆ ಉಳಿದಿದ್ದು ಒಂದೇ ತುಂಡು ಹಲಸು. ಸೀಳಿದರೆ ಬೇರೆ ಇಲ್ಲ. ಮಟಮಟ ಮಧ್ಯಾಹ್ನ, ರಾಮೇಶ್ವರನನ್ನು ನೆನೆದು ಗುಂಡಿ ತಿರುಗಿಸಿದೆ.

ಉಳಿ ಕಂಬದ ತೆಳುವಾದ ಕತ್ತಿನ ಭಾಗಕ್ಕೆ ಬಂದಾಗಲೆಲ್ಲ ಲೇತು ತಾನಾಗಿ ನಿಧಾನವಾಗುತ್ತಿತ್ತು. ದಾಟಿದೊಡನೆ ಮತ್ತೆ ಓಡುತ್ತಿತ್ತು. ಗುಂಡಿಯನ್ನು ನಾನು ಮುಟ್ಟಿರಲಿಲ್ಲ. ಅಷ್ಟು ಹೊತ್ತು ಕಡೆದರೂ ಮರ ಹೊಳೆಯ ಕಲ್ಲಿನಂತೆ ತಣ್ಣಗಿತ್ತು.

ಮಜ್ಜಿಗೆ ತಂದ ಬೀರಮ್ಮ ಬಾಗಿಲಲ್ಲೇ ನಿಂತಳು.

“ಯಾರಣ್ಣ ತುಳೀತಿರೋದು?”

“ಯಾರೂ ಇಲ್ಲ ಕಣವ್ವ, ಮೋಟ್ರು. ನಿನ್ ಗಂಡನ್ಗಿಂತ ಜೋರು, ಬೀಡಿಗೆ ಅಂತ ನಿಲ್ಸಾಕಿಲ್ಲ.”

ಅವಳು ನಗಲಿಲ್ಲ. “ಅವ್ರೂ ಇಂಗೇಯ, ಕತ್ತಿನ್ ತಾವ ಬಂದ್ರೆ ಕಾಲು ತಡೀತಿದ್ರು. ಇಲ್ದಿದ್ರೆ ಸೀಳ್ತದೆ ಅಂತಿದ್ರು.”

ಕಂಬ ಸೀಳಲಿಲ್ಲ. ಮೋಟಾರು ನಿಲ್ಲಿಸಿ ತಿರುಗಿದರೆ, ಬೀರಮ್ಮ ಗೋಡೆಯ ಪಕ್ಕ ಕುಳಿತಿದ್ದಳು.

“ಅಣ್ಣ, ಇಲ್ಲಿ ಮುಟ್ಟು.”

ನೆರಳಲ್ಲಿದ್ದ ಆ ತುಳಿಹಲಗೆ ಒಂದು ಪಾದದಷ್ಟು ಜಾಗದಲ್ಲಿ ಮಾತ್ರ ಬೆಚ್ಚಗಿತ್ತು.

ದೀಪ ಹಚ್ಚುವ ಹೊತ್ತಾದರೂ ಬೀರಮ್ಮ ಅದರ ಮೇಲಿಂದ ಅಂಗೈ ತೆಗೆಯಲಿಲ್ಲ.