ಮೂವತ್ತೊಂಬತ್ತು ಹಲ್ಲಿನ ಚಕ್ರ

"ನಾ ಹಾಕಿದ ಚಕ್ರ ಬದಲಿ ಮಾಡಂತ ನಿಮಗ ಯಾರು ಹೇಳಿದ್ರು?"

ಜಯೇಶ್ ಹೆಲ್ಮೆಟ್ ತೆಗೆಯುವ ಮೊದಲೇ ಶೈಲಶ್ರೀ ಅವನ ಮೇಲೆ ಹರಿಹಾಯ್ದಳು.

ಖಾರಘರದಾಚೆಯ ಖಾಸಗಿ ಟ್ರ್ಯಾಕ್‌ನಲ್ಲಿ ಅವಳು ಕಟ್ಟಿಕೊಟ್ಟ ಅವನ ಬೈಕ್ ಮೊದಲ ಓಟದಲ್ಲೇ ಮುಂದಿನ ಗಾಲಿ ಎತ್ತಿ ಕುಣಿದು, ಎಲ್ಲರಿಗಿಂತ ಹಿಂದೆ ಬಂದಿತ್ತು. "ಲಡ್ಕೀ ನೇ ಬನಾಯಾ ಹೈ ನಾ!" ಹುಡುಗಿ ಕಟ್ಟಿದ್ದಲ್ಲವೇ ಎಂದು ಯಾರೋ ನಕ್ಕಿದ್ದರು. ಬೈಕ್ ನಿಂತದ್ದೇ ತಡ, ಅವಳು ಕುಕ್ಕರಗಾಲಲ್ಲಿ ಕುಳಿತು ಹಿಂದಿನ ಚೈನ್ ಚಕ್ರದ ಹಲ್ಲು ಎಣಿಸಿದ್ದಳು. ತಾನು ಹಾಕಿದ್ದು ಮೂವತ್ತೊಂಬತ್ತು. ಈಗಿರುವುದು ನಲವತ್ತೈದು!

ಟರ್ಬೊ ಇಂಜಿನ್ನಿಗೆ ಮೈಮೇಲೆ ಭಾರ ಬಿದ್ದರೇ ಗಾಳಿ ತುಂಬಿಕೊಂಡು ಎಳೆಯುವ ಬುದ್ಧಿ. ಹಿಂದೆ ದೊಡ್ಡ ಚಕ್ರ ಹಾಕಿದರೆ ಮುಂದಿನ ಗಾಲಿ ಮೇಲೇಳುತ್ತದೆ; ಟರ್ಬೊ, ಅಂದರೆ ಇಂಜಿನ್ನಿಗೆ ಗಾಳಿ ಊದುವ ಪಂಪು, ಏಳುವಷ್ಟರಲ್ಲಿ ಗೇರೇ ಮುಗಿದಿರುತ್ತದೆ. ದೊಡ್ಡ ಟರ್ಬೊ ಬೇಡ, ಬೇಗ ಏಳುವ ಚಿಕ್ಕದೇ ಸಾಕು ಎಂದು ಆರಿಸಿದ್ದೂ ಅವಳೇ. ನಾಲ್ಕು ತಿಂಗಳ ದುಡಿಮೆ ಅದು!

ಎರಡು ಓಟಗಳಲ್ಲಿ ಒಂದನ್ನು ಗೆದ್ದರೂ ಕಲ್ಯಾಣದ ತಮ್ಮ ಗ್ಯಾರೇಜಿನ ಇಂಜಿನ್ ಕೆಲಸವೆಲ್ಲ ನಿನಗೇ ಎಂದು ಅಪ್ಪ ವೀರಭದ್ರಪ್ಪ ಮಾತು ಕೊಟ್ಟಿದ್ದರು. ಸೋತರೆ ಮತ್ತೆ ಬಿಲ್ಲು ಬರೆಯುವ ಕೌಂಟರಿನ ಕುರ್ಚಿ. ಉಳಿದದ್ದು ಒಂದೇ ಓಟ.

"ಮಾತಾಡ್ರಿ! ಹೆಣ್ಮಗಳ ಕೆಲಸದ ಮ್ಯಾಲೆ ನಂಬಿಕೆ ಬರಲಿಲ್ಲೇನು?"

"ಹಾಗಲ್ಲ ಮಾರಾಯ್ರೆ..." ಜಯೇಶ್ ತಲೆ ತಗ್ಗಿಸಿದ. "ತಪ್ಪು ನನ್ನದೇ ಅಂತ ಇಟ್ಕೊಳ್ಳಿ."

ಇಟ್ಕೊಳ್ಳಿ ಅಂತೆ! ನೆರೂಳದಿಂದ ವಾರ ವಾರ ಗ್ಯಾರೇಜಿಗೆ ಬಂದು, ಪಕ್ಕದಲ್ಲಿ ಸ್ಟೂಲ್ ಹಾಕಿ ಕುಳಿತು, ಹೇಳಿದ್ದಕ್ಕೆಲ್ಲ ಹೂಂಗುಟ್ಟಿದ ಈ ಮನುಷ್ಯನನ್ನು ತಾನು... ಛೆ, ಇಷ್ಟಪಟ್ಟಿದ್ದೆನಲ್ಲ!

ಕಣ್ಣೊರೆಸಿಕೊಂಡು ಸ್ಪ್ಯಾನರ್ ಹಿಡಿದಳು. ಚಕ್ರ ಬಿಚ್ಚಿ ಮಗುಚಿದರೆ, ಒಳಮೈಯಲ್ಲಿ ಮೂರು ಬೆರಳಿನ ವಿಭೂತಿ!

ಯಾವ ಭಾಗ ಕೂಡಿಸುವುದಕ್ಕೂ ಮೊದಲು ವಿಭೂತಿ ಹಚ್ಚುವವರು ಅವಳು ಕಂಡಂತೆ ಒಬ್ಬರೇ.

"ಅಪ್ಪಾ!"

ಗುಂಪಿನ ಹಿಂದಿದ್ದ ವೀರಭದ್ರಪ್ಪ ಮುಂದೆ ಬಂದರು. "ಮುಂಜಾನೆ ನಾನ ಹಾಕಿದೆವ್ವಾ, ನೀ ಗೆಲ್ಲಲಿ ಅಂತ. ಪಿಕಪ್ ಬೇಕಂದ್ರ ಹಿಂದ ದೊಡ್ಡ ಚಕ್ರ... ಮೂವತ್ತು ವರ್ಷದ ರೂಢಿ. ಇವ ಬ್ಯಾಡಂದ. ನಿನಗ ಹೇಳಬಾರ್ದು ಅಂತ ಆಣಿ ಹಾಕಿದೆ."

"ಹಿರಿಯರು... ಎದುರಾಡುವುದು ಹೇಗೆ?" ಎಂದ ಜಯೇಶ್.

"ಅವರ ಮರ್ಯಾದಿ ಉಳೀತು. ನಂದು?"

ಅಪ್ಪ ಮೊಣಕಾಲೂರಿ ಕುಳಿತು, ಮುಂಜಾನೆ ಬಿಚ್ಚಿಟ್ಟಿದ್ದ ಮೂವತ್ತೊಂಬತ್ತರ ಚಕ್ರವನ್ನು ಅವಳ ಕೈಗಿತ್ತರು. "ವಿಭೂತಿ ಹಚ್ಚಲೇನವ್ವಾ?" ಎಂದು ಮೊದಲ ಸಲ ಮಗಳ ಅಪ್ಪಣೆ ಕೇಳಿದರು. ಅವಳು ತಲೆಯಾಡಿಸಿದಳು.

ಎರಡನೇ ಓಟದಲ್ಲಿ ಮುಂದಿನ ಗಾಲಿ ನೆಲ ಬಿಡಲಿಲ್ಲ. ಬೈಕ್ ಎಲ್ಲರಿಗಿಂತ ಮೊದಲು ಗೆರೆ ದಾಟಿತು. ನಕ್ಕವರೇ ಚಪ್ಪಾಳೆ ತಟ್ಟಿದರು.

ಜಯೇಶ್ ಅವಳೆದುರು ಬಂದು ನಿಂತ. ಇಂಜಿನ್ ಆರಿಸಲಿಲ್ಲ. ಕಾದ ಟರ್ಬೊ ತಣಿಯಲು ಒಂದು ನಿಮಿಷ ಇಂಜಿನ್ ಓಡುತ್ತಲೇ ಇರಬೇಕು ಎಂಬುದು ಅವಳ ಕಟ್ಟಪ್ಪಣೆ.

"ಶೈಲಾ... ನೀವಂದ್ರೆ ನನಗೆ ಪ್ರಾಣ. ನಿಮ್ಮ ಅಪ್ಪನ ಹತ್ತಿರ ಕೇಳಲಾ?"

"ಮತ್ತ ಅಪ್ಪನ್ನ? ಮೊದ್ಲು ನನ್ನ ಕೇಳ್ರಿ!"

ಅವನು ನಾಚಿ, ಕೈಗವಸು ಕಳಚಿದ. "ನನ್ನನ್ನು ಮದುವೆ ಆಗ್ತೀರಾ?"

ಸಿಟ್ಟು ಪೂರ್ತಿ ಇಳಿದಿರಲಿಲ್ಲ... ಆದರೂ ಅವನ ಕೈ ಹಿಡಿದಳು. "ಹೂಂ. ಆದ್ರ ಇನ್ನ ಮ್ಯಾಲೆ ನನ್ನಿಂದ ಏನೂ ಮುಚ್ಚಿಡಬಾರ್ದು."

"ಇಲ್ಲ, ಖಂಡಿತ ಇಲ್ಲ. ನಿಮಿಷ ಆಯ್ತಲ್ಲ, ಇಂಜಿನ್ ಬಂದ್ ಮಾಡಲಾ?"

"ಬ್ಯಾಡ," ಎಂದಳು ಶೈಲಶ್ರೀ, ಕೈ ಬಿಡದೆ. "ಇನ್ನೊಂದು ನಿಮಿಷ ಇರಲಿ."