ಬಿಡಿಸದ ಪುಟ

ಸೋಮವಾರ ಬೆಳಿಗ್ಗೆ ಬೈಂದೂರು ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ‘ತೆರೆಮುಖ’ ಮಾಸಿಕದ ಕಚೇರಿಯ ಬೀಗ ಒಡೆದಿದ್ದರು, ಆದರೆ ಒಂದು ಪೆನ್ನನ್ನೂ ಒಯ್ದಿರಲಿಲ್ಲ.

“ಮತ್ತೆ ದೂರು ಎಂತಕ್ಕೆ?” ಎಂದರು ಎಸ್‌ಐ ಶಾಂಭವಿ.

“ನಮ್ಮ ಸರ್ವೆ ಹಾಳ್ ಮಾಡಿದ್ರ್ ಮೇಡಂ,” ಎಂದರು ಸಂಪಾದಕ ಜಿತೇಂದ್ರ.

ಎಫ್‌ಐಆರ್ ದಾಖಲಾಯಿತು. ಪಂಚನಾಮೆಯ ವೇಳೆ ಜಿತೇಂದ್ರ ವಿವರಿಸಿದರು. ಬಾಯಿಮಾತಿನಲ್ಲಿ ಕೇಳಿದರೆ ಓದುಗರೆಲ್ಲ ‘ಪೂರ್ತಿ ಓದಿದ್ದೇವೆ’ ಎಂದು ಬುರುಡೆ ಬಿಡುತ್ತಾರೆ. ಅದಕ್ಕೇ ಪುಟಗಳ ನಡುವೆ ಚುಕ್ಕೆಯಷ್ಟು ಗೋಂದು ಹಚ್ಚಿ, ಕಡಲ ತಡಿಯ ನಲವತ್ತು ಮನೆಗಳಿಗೆ ಪತ್ರಿಕೆ ಕೊಟ್ಟು, ವಾರದ ಬಳಿಕ ವಾಪಸು ತರಿಸಿದ್ದರು. ಗೋಂದು ಬಿಟ್ಟಿದ್ದರೆ ಆ ಪುಟ ಓದಿದ್ದಾರೆ, ಅಂಟಿಕೊಂಡೇ ಇದ್ದರೆ ಇಲ್ಲ. ದೋಣಿ ಮಗುಚಿ ಕಾಣೆಯಾದವರ ಫೋಟೊಗಳಿರುವ ‘ಕಡಲಿಗೆ ಹೋದವರು’ ಪುಟ ಹೆಚ್ಚಿನ ಪ್ರತಿಗಳಲ್ಲಿ ಅಂಟಿಕೊಂಡೇ ಇತ್ತು. ಅದನ್ನು ನಿಲ್ಲಿಸುವುದೆಂದು ಶನಿವಾರ ತೀರ್ಮಾನವಾಗಿತ್ತು. ಈಗ ನೋಡಿದರೆ ಆ ಪುಟ ಎಲ್ಲದರಲ್ಲೂ ಬಿಟ್ಟಿದೆ!

ಶಾಂಭವಿ ಒಂದೊಂದೇ ಪ್ರತಿ ತಿರುವಿದರು. ಒಂದರಲ್ಲಿ ಮಾತ್ರ ಆ ಪುಟ ಬಿಟ್ಟಿರಲಿಲ್ಲ.

“ಇದ್ ಯಾರ ಮನೆದ್?”

ಪ್ರತಿ ಹಂಚಿದ್ದ ಧನ್ಯಶ್ರೀ ಹಿಂಬದಿಯ ಗುರುತು ನೋಡಿ ಸಪ್ಪಗಾದಳು. “ಮೀನ್ ಮಾರು ಹರಿಣಾಕ್ಷಕ್ಕಂದ್. ಅವ್ರ ಮಗ ರತನನ ಫೋಟೊ ಅದ್ರಗೆ ಬತ್ತ್. ಗೋಂದ್ ಬಿಡ್ಲಿಲ್ಲ, ಅದ್ಕೆ ಪುಟ ನಿಲ್ತ್ ಅಂದ್ ನಾನೇ ಅವ್ರಿಗ್ ಹೇಳಿದ್ದೆ.”

ಹರಿಣಾಕ್ಷಿ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆ ಮಾರುತ್ತಿದ್ದರು. ಪೊಲೀಸರನ್ನು ಕಂಡದ್ದೇ ಬುಟ್ಟಿ ಮುಚ್ಚಿ ಎದ್ದು ನಿಂತರು.

“ಬೀಗ ಒಡ್ದದ್ ನೀವಾ ಅಮ್ಮ?”

“ಹೌದ್, ನಾನೇ.”

“ಎಂತಕ್ಕೆ?”

“ಆ ಪುಸ್ತಕ ಬೊಂಬಾಯಿಗೂ ಹೋತ್ತ್. ಯಾರಾರೂ ಮಗನ್ ಮುಖ ಕಂಡ್, ಇಂವ ಇಲ್ಲೇ ಇದ್ದ ಅಂದ್ ಫೋನ್ ಮಾಡ್ರೆ? ಫೋಟೊ ನಿಲ್ಸಿದ್ರೆ ಅವ್ನನ್ನ ಯಾರ್ ಹುಡ್ಕುದ್?”

“ಎಲ್ಲರದ್ದೂ ಬಿಡ್ಸಿ, ನಿಮ್ದ್ ಮಾತ್ರ ಎಂತಕ್ಕೆ ಹಾಂಗೇ ಇಟ್ರಿ?”

“ಬೇರೆಯವ್ರದ್ದ್ ಕಣ್ಣ್ ಮುಚ್ಚಿ ಬಿಡ್ಸ್ದೆ. ನಮ್ಮನೆದ್ದ್ ಬಿಡ್ಸ್ರೆ, ಮಗ ಹೋದ ಅಂದ್ ನಾನೇ ಒಪ್ದಂಗೆ ಅಲ್ದಾ?”

ಶಾಂಭವಿಗೆ ಸಂಕಟವಾಯಿತು. ಆದರೂ ದಸ್ತಗಿರಿ ಮಾಡಲೇಬೇಕಿತ್ತು, ಮಾಡಿದರು.

ಠಾಣೆಯಲ್ಲಿ ಹೇಳಿಕೆ ಕೇಳಿದ ಜಿತೇಂದ್ರ ತಲೆ ಮೇಲೆ ಕೈಹೊತ್ತು ಕುಳಿತರು. ನಲವತ್ತೂ ಮನೆಗಳು ಕಡಲಿಗೆ ಹೋಗುವವರದ್ದೇ. ಆ ಪುಟ ಬೇಡವೆಂದು ಅವರು ಮುಚ್ಚಿಟ್ಟಿರಲಿಲ್ಲ, ಹೆದರಿ ಮುಚ್ಚಿಟ್ಟಿದ್ದರು. ಗೋಂದಿನ ಲೆಕ್ಕಕ್ಕೆ ಅದೆಲ್ಲಿ ತಿಳಿಯಬೇಕು?

ಜಾಮೀನಿನ ಮೇಲೆ ಹೊರಟ ಹರಿಣಾಕ್ಷಿ ಅವರೆದುರು ನಿಂತರು. “ಸಾರ್, ಬಪ್ಪ ತಿಂಗ್ಳ್ ಫೋಟೊ ಬತ್ತಲ್ದಾ?”

“ಬತ್ತ್ ಅಕ್ಕ.” ಜಿತೇಂದ್ರ ಮುಖ ಎತ್ತಲಿಲ್ಲ.

ಸಾಕ್ಷ್ಯವೆಂದು ವಶಪಡಿಸಿಕೊಂಡ ಆ ಒಂದು ಪ್ರತಿ ಮೇಜಿನ ಮೇಲೆಯೇ ಇತ್ತು. ಮುಂದೆ ಕೋರ್ಟಿನಲ್ಲಿ ಯಾರಾದರೂ ಬಿಡಿಸಬಹುದು, ತಮ್ಮ ಕೈಯಿಂದ ಅದು ಬೇಡ ಎನಿಸಿತು ಶಾಂಭವಿಗೆ. ಪುಟ ಅಂಟಿಕೊಂಡಿದ್ದ ಹಾಗೆಯೇ ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದರು.